ಮೇನ್‌ಫ್ರೇಮ್ ಸ್ಕ್ರೀನ್ ಫೋನಿನಲ್ಲಿ ಬೇಕಂತೆ: ಯಾವ ದಾರಿ ಹಿಡಿಯಲಿ?

ಕೋಬಾಲ್‌ಕನ್ನಡತಿ · ಶನಿವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 11 ವರ್ಷದಿಂದ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರಿನ ಮೇಲೆ ಕೋಬಾಲ್ (ಭಾಷೆ), ಕಿಕ್ಸ್ (ಟ್ರಾನ್ಸಾಕ್ಷನ್ ಓಡಿಸುವ ವ್ಯವಸ್ಥೆ), ಡಿಬಿ2 (ಡೇಟಾಬೇಸ್) ಕೆಲಸ ಮಾಡುತ್ತಿದ್ದೇನೆ. ನಮ್ಮ ಕ್ಲೈಂಟ್ ಅಮೆರಿಕದ ಒಂದು ವಿಮಾ ಕಂಪನಿ. ಮನೆ, ಕಾರಿನ ಪಾಲಿಸಿಗಳೆಲ್ಲ ಮೇನ್‌ಫ್ರೇಮ್ ಮೇಲಿವೆ. ಏಜೆಂಟರು, ಕ್ಲೇಮ್ ನೋಡುವವರು ಇವತ್ತಿಗೂ 3270 ಟರ್ಮಿನಲ್ ಸ್ಕ್ರೀನಿನಲ್ಲೇ ಕೆಲಸ ಮಾಡುತ್ತಾರೆ. ಕಪ್ಪು ಹಿನ್ನೆಲೆ, ಹಸಿರು ಅಕ್ಷರ, ಕೆಳಗೆ ಪಿಎಫ್ ಕೀಗಳ (ಫಂಕ್ಷನ್ ಕೀ) ಸಾಲು.

ಈಗ ಅವರಿಗೆ ಇದು ಫೋನಿನಲ್ಲಿ ಬೇಕು. ಹೋದ ವಾರದ ಮೀಟಿಂಗಿನಲ್ಲಿ "ಬ್ರೌಸರ್‌ನಲ್ಲಿ ತೆರೆದರೆ ಸಾಕು, ಎರಡು ತಿಂಗಳಲ್ಲಿ ಕೊಡಿ" ಅಂದರು. ಟೀಮಿನಲ್ಲಿ ಫೋನಿಗೆ ಏನಾದರೂ ಮಾಡಿದ ಅನುಭವ ಯಾರಿಗೂ ಇಲ್ಲ.

ನಿನ್ನೆ ರಾತ್ರಿ ನನ್ನ ಫೋನಿಗೆ ಒಂದು 3270 ಎಮ್ಯುಲೇಟರ್ (ಆ ಟರ್ಮಿನಲ್ಲಿನ ಹಾಗೆ ನಡೆದುಕೊಳ್ಳುವ) ಆ್ಯಪ್ ಹಾಕಿ ನಮ್ಮ ಟೆಸ್ಟ್ ರೀಜನ್‌ಗೆ ಹೋಗಿ ನೋಡಿದೆ. ಸ್ಕ್ರೀನ್ ಬಂತು. ಆದರೆ ಫೋನಿನ ಅಗಲ ಹೆಚ್ಚೆಂದರೆ 7 ಸೆಂಟಿಮೀಟರ್. ಅದರಲ್ಲಿ 80 ಅಕ್ಷರ ಅಂದರೆ ಒಂದೊಂದು ಅಕ್ಷರಕ್ಕೆ ಒಂದು ಮಿಲಿಮೀಟರ್ ಕೂಡ ಸಿಗುವುದಿಲ್ಲ. ಅಡ್ಡ ತಿರುಗಿಸಿದೆ. ಓದಲು ಬಂತು, ಆದರೆ ಟೈಪ್ ಮಾಡಲು ಮುಟ್ಟಿದ ಕೂಡಲೇ ಕೀಬೋರ್ಡ್ ಮೇಲೆ ಬಂದು ಅರ್ಧ ಸ್ಕ್ರೀನ್ ಮುಚ್ಚಿತು. ನಮ್ಮ ತಪ್ಪು-ಒಪ್ಪಿನ ಸಂದೇಶ ಬರುವುದು 24ನೇ ಸಾಲಿನಲ್ಲಿ. ಪಾಲಿಸಿ ನಂಬರ್ ತಪ್ಪಾಗಿ ಹಾಕಿದ್ದೆ. ಸಿಸ್ಟಂ ಹೇಳುತ್ತಲೇ ಇತ್ತು, ನನಗೆ ಕಾಣಲಿಲ್ಲ. ಆಮೇಲೆ ಪಿಎಫ್8 ಒತ್ತಲು ಮೆನುವಿನೊಳಗೆ ಮೆನು ಹುಡುಕಬೇಕಾಯಿತು. ಅಷ್ಟರಲ್ಲಿ ಅಮ್ಮನ ಕರೆ ಬಂತು. ಮಾತಾಡಿ ವಾಪಸ್ ಬಂದರೆ ಸೆಷನ್ ಹೋಗಿತ್ತು.

ಇದನ್ನು ಹೀಗೇ ಕೊಟ್ಟರೆ ಯಾರೂ ಬಳಸುವುದಿಲ್ಲ, ಅಷ್ಟು ನನಗೆ ಗೊತ್ತಾಗಿದೆ. ಬೇರೆ ದಾರಿ ಯಾವುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

---

ಹಳೇಟರ್ಮಿನಲ್ · ಶನಿವಾರ, ಬೆಳಿಗ್ಗೆ 11:40

ಒಳ್ಳೆಯ ಪ್ರಶ್ನೆ. ನಾನು ರಿಟೈರ್ ಆಗಿ ನಾಲ್ಕು ವರ್ಷವಾಯಿತು. ಅದಕ್ಕೂ ಮುಂಚೆ 33 ವರ್ಷ ಇದೇ ಕೆಲಸ.

ಮೊದಲು 3270 ಅಂದರೆ ಏನು ಅಂತ ಸರಿಯಾಗಿ ನೋಡಬೇಕಮ್ಮ. ಎಲ್ಲರೂ ಅದನ್ನು ಹಳೇ ಕಾಲದ ಟೆಲಿಟೈಪಿನ ಥರ ಅಂದುಕೊಳ್ಳುತ್ತಾರೆ. ಅಲ್ಲ. 1971ರಲ್ಲಿ ಐಬಿಎಂ ತಂದ ಈ ಟರ್ಮಿನಲ್ ನಡೆದುಕೊಳ್ಳುವ ರೀತಿ ಇವತ್ತಿನ ವೆಬ್ ಫಾರ್ಮಿಗೆ ತುಂಬಾ ಹತ್ತಿರ. ಒಂದೊಂದು ಕೀ ಒತ್ತಿದಾಗಲೂ ಅದು ಮೇನ್‌ಫ್ರೇಮ್‌ಗೆ ಹೋಗುವುದಿಲ್ಲ. ಮೇನ್‌ಫ್ರೇಮ್ ಒಂದು ಪೂರ್ತಿ ಸ್ಕ್ರೀನ್ ಕಳಿಸುತ್ತದೆ: 24 ಸಾಲು, 80 ಕಾಲಂ, 1920 ಅಕ್ಷರ. ಯಾವುದು ಬರೀ ಓದುವ ಜಾಗ, ಯಾವುದು ಬರೆಯುವ ಜಾಗ ಅಂತ ಪ್ರತಿ ಫೀಲ್ಡಿನ ಮುಂದೆ ಒಂದು ಗುರುತಿನ ಬೈಟ್ ಇರುತ್ತದೆ. ನೀವು ತುಂಬುತ್ತೀರಿ, ತಿದ್ದುತ್ತೀರಿ. ಆಗ ಮೇನ್‌ಫ್ರೇಮ್‌ಗೆ ಏನೂ ಗೊತ್ತಿರುವುದಿಲ್ಲ. ಎಂಟರ್ ಒತ್ತಿದಾಗ ಯಾವ ಕೀ ಒತ್ತಿದಿರಿ, ಕರ್ಸರ್ ಎಲ್ಲಿತ್ತು, ಯಾವ ಫೀಲ್ಡ್ ಬದಲಾಗಿದೆ, ಅಷ್ಟು ಮಾತ್ರ ಹೋಗುತ್ತದೆ. ಲೈನಿನ ವೇಗ ಕಡಿಮೆ ಇದ್ದ ಕಾಲದಲ್ಲಿ ಸಾವಿರಾರು ಜನರನ್ನು ಒಂದೇ ಯಂತ್ರ ನೋಡಿಕೊಳ್ಳಲು ಆಗಿದ್ದು ಇದರಿಂದಲೇ.

ಹಾಗಾಗಿ ಇದನ್ನು ವೆಬ್‌ಗೆ ತರುವುದು ಹೊಸ ಯೋಚನೆ ಏನಲ್ಲ. 3270ಯನ್ನು ಟೆಲ್‌ನೆಟ್ (ನೆಟ್‌ವರ್ಕ್ ಮೂಲಕ ಟರ್ಮಿನಲ್ ಸೇರಿಸುವ ವಿಧಾನ) ಮೇಲೆ ಕಳಿಸುವ ಟಿಎನ್3270 ಪದ್ಧತಿ 1994ರಲ್ಲೇ ಬರಹಕ್ಕೆ ಇಳಿದಿತ್ತು. 90ರ ದಶಕದ ಕೊನೆಗೆ ಬ್ರೌಸರ್ ಒಳಗೆ ಜಾವಾ ಆ್ಯಪ್ಲೆಟ್ ಹಾಕಿ ಟರ್ಮಿನಲ್ ತೋರಿಸುತ್ತಿದ್ದೆವು. ಐಬಿಎಂನ ಹೋಸ್ಟ್ ಆನ್-ಡಿಮಾಂಡ್ ಹಾಗೆ ಕೆಲಸ ಮಾಡುತ್ತಿತ್ತು. 2007ರಲ್ಲಿ ಐಫೋನ್ ಬಂತು, ಅದರಲ್ಲಿ ಜಾವಾ ಇರಲಿಲ್ಲ. ಆ ದಾರಿ ಫೋನಿನ ಮಟ್ಟಿಗೆ ಅಲ್ಲಿಗೇ ನಿಂತಿತು.

ಈಗ ಇರುವುದು ಮೂರು ದಾರಿ. ಒಂದು, ನೀವು ನೋಡಿದ ಎಮ್ಯುಲೇಟರ್. ಎರಡು, ಸ್ಕ್ರೀನನ್ನು ಓದಿ ಅದನ್ನೇ ವೆಬ್ ಪುಟವಾಗಿ ಬದಲಿಸುವ ಸಾಫ್ಟ್‌ವೇರ್. ಹ್ಯಾಟ್ಸ್ ಅಂತ ಕರೆಯುತ್ತಿದ್ದೆವಲ್ಲ, ಆ ಜಾತಿಯದು. ಮೂರು, ಸ್ಕ್ರೀನನ್ನು ಪೂರ್ತಿ ಬಿಟ್ಟು ಹಿಂದಿರುವ ಪ್ರೋಗ್ರಾಮನ್ನೇ ನೇರವಾಗಿ ಕರೆಯುವುದು. ನನ್ನ ಮತ ಮೂರನೆಯದಕ್ಕೆ. ಯಾಕೆ ಅಂತ ಸಂಜೆ ಬರೆಯುತ್ತೇನೆ, ಮೊಮ್ಮಗಳನ್ನು ಸಂಗೀತ ಕ್ಲಾಸಿಗೆ ಬಿಡಬೇಕು.

---

ಜಯನಗರಜೆಎಸ್ · ಶನಿವಾರ, ಮಧ್ಯಾಹ್ನ 12:25

ನಾನು ಮೇನ್‌ಫ್ರೇಮ್ ಕಡೆಯವನಲ್ಲ, ಬ್ರೌಸರ್ ಕಡೆಯವನು. ಎರಡನೇ ದಾರಿಯಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದೇನೆ. ಅದರ ಕಥೆ ಹೇಳಲೇಬೇಕು.

ನಮ್ಮ ಸರ್ವರ್ ಒಂದು ಟರ್ಮಿನಲ್‌ನಂತೆ ಮೇನ್‌ಫ್ರೇಮ್‌ಗೆ ಸೇರಿಕೊಳ್ಳುತ್ತಿತ್ತು. ಸ್ಕ್ರೀನ್ ಬಂದಾಗ "8ನೇ ಸಾಲು, 22ನೇ ಕಾಲಂನಿಂದ 10 ಅಕ್ಷರ, ಅದೇ ಪ್ರೀಮಿಯಂ" ಅಂತ ಓದಿ ಫೋನಿಗೆ ಕಳಿಸುತ್ತಿತ್ತು. ಮೊದಲ ಡೆಮೋ ಮೂರೇ ವಾರದಲ್ಲಿ ಆಯಿತು. ಎಲ್ಲರಿಗೂ ಖುಷಿ.

ಆರು ತಿಂಗಳಾದ ಮೇಲೆ ಒಂದು ಸೋಮವಾರ ದೂರು ಬರಲು ಶುರುವಾಯಿತು. 1250 ಡಾಲರ್ ಕಟ್ಟಬೇಕಾದವರಿಗೆ ಫೋನಿನಲ್ಲಿ 250 ಅಂತ ತೋರಿಸುತ್ತಿತ್ತು. ಹುಡುಕಿ ಹುಡುಕಿ ಸಾಕಾಯಿತು. ಕೊನೆಗೆ ಗೊತ್ತಾಗಿದ್ದು ಇಷ್ಟು: ವಾರಾಂತ್ಯದ ರಿಲೀಸಿನಲ್ಲಿ ಯಾರೋ ಆ ಸ್ಕ್ರೀನಿನಲ್ಲಿ ಒಂದು ಫೀಲ್ಡಿನ ಹೆಸರನ್ನು (ಲೇಬಲ್) ಚಿಕ್ಕದು ಮಾಡಿದ್ದರು. ಅದರ ಪಕ್ಕದ ಫೀಲ್ಡ್ ಒಂದು ಕಾಲಂ ಎಡಕ್ಕೆ ಸರಿದಿತ್ತು. ಟರ್ಮಿನಲ್ ನೋಡುವ ಮನುಷ್ಯರಿಗೆ ಅದು ಗೊತ್ತೂ ಆಗುವುದಿಲ್ಲ. ನಮ್ಮ ಪ್ರೋಗ್ರಾಮಿಗೆ ಮಾತ್ರ ಮೊದಲ ಅಂಕಿ ಕೈತಪ್ಪಿತು. ತಪ್ಪು ಮೊತ್ತ ನೋಡಿ ಕಡಿಮೆ ದುಡ್ಡು ಕಟ್ಟಿದವರು ಇದ್ದರು. ಅವರಿಗೆ ಒಬ್ಬೊಬ್ಬರಿಗೂ ಕರೆ ಮಾಡಬೇಕಾಯಿತು.

ಇನ್ನೊಂದು ತೊಂದರೆ. ಒಂದು ಉತ್ತರಕ್ಕೆ ಟರ್ಮಿನಲ್‌ನಲ್ಲಿ ಏಳು ಸ್ಕ್ರೀನ್ ದಾಟಬೇಕಿತ್ತು. ನಾವು ಆ ಏಳನ್ನೂ ಫೋನಿನಲ್ಲಿ ಏಳು ಪುಟ ಮಾಡಿಬಿಟ್ಟೆವು. ಟರ್ಮಿನಲ್ ಮುಂದೆ ಕೂತವರ ಬೆರಳು ಏಳು ಸ್ಕ್ರೀನನ್ನು ನಾಲ್ಕು ಸೆಕೆಂಡಿನಲ್ಲಿ ದಾಟುತ್ತದೆ. ಫೋನಿನಲ್ಲಿ ಅದೇ ಕೆಲಸಕ್ಕೆ ಒಂದು ನಿಮಿಷ ಬೇಕಾಗುತ್ತಿತ್ತು.

ಅಕ್ಕಾ, ಸ್ಕ್ರೀನ್ ಓದುವ ದಾರಿ ಬೇಡ. ಬೇರೆ ಗತಿಯೇ ಇಲ್ಲ ಅಂದರೆ ಮಾತ್ರ ಅದು. ಆಗಲೂ ಜಾಗ ನೋಡಿ ಓದಬೇಡಿ, ಪಕ್ಕದ ಹೆಸರು ಸರಿಯಾಗಿದೆಯಾ ಅಂತ ಪ್ರತಿ ಸಲ ಪರೀಕ್ಷೆ ಮಾಡಿ. ಹೊಂದದಿದ್ದರೆ ಏನನ್ನೂ ತೋರಿಸಬೇಡಿ. ತಪ್ಪು ಮೊತ್ತ ತೋರಿಸುವುದಕ್ಕಿಂತ "ಈಗ ಸಿಗುತ್ತಿಲ್ಲ" ಅನ್ನುವುದು ಸಾವಿರ ಪಾಲು ಮೇಲು.

---

ಕೋಬಾಲ್‌ಕನ್ನಡತಿ · ಶನಿವಾರ, ಮಧ್ಯಾಹ್ನ 2:05

ಅಯ್ಯೋ, 1250ರ ಕಥೆ ಓದಿ ಎದೆ ಧಸಕ್ ಅಂತು. ನಮ್ಮಲ್ಲಿ ಮ್ಯಾಪ್ (ಸ್ಕ್ರೀನಿನ ವಿನ್ಯಾಸ) ಬದಲಾವಣೆ ತಿಂಗಳಿಗೊಮ್ಮೆ ಇದ್ದೇ ಇರುತ್ತದೆ.

ಸರ್, ಮೂರನೇ ದಾರಿ ಅಂದಿರಲ್ಲ. ನಮ್ಮ ಪ್ರೋಗ್ರಾಮುಗಳಲ್ಲಿ ಸ್ಕ್ರೀನ್ ಕೆಲಸ, ಲೆಕ್ಕದ ಕೆಲಸ ಎರಡೂ ಕಲಸಿ ಹೋಗಿವೆ. ಒಂದೇ ಪ್ಯಾರಾಗ್ರಾಫಿನಲ್ಲಿ (ಕೋಬಾಲ್ ಕೋಡಿನ ಒಂದು ಭಾಗ) ಸ್ಕ್ರೀನ್ ಓದುವ ರಿಸೀವ್ ಮ್ಯಾಪ್ ಇದೆ, ಅದರ ಕೆಳಗೆ ಡಿಬಿ2 ಸೆಲೆಕ್ಟ್, ಅದರ ಕೆಳಗೆ ರಿಯಾಯಿತಿ ಲೆಕ್ಕ, ಆಮೇಲೆ ಸ್ಕ್ರೀನ್ ಕಳಿಸುವ ಸೆಂಡ್ ಮ್ಯಾಪ್. ಮುಖ್ಯ ಪ್ರೋಗ್ರಾಂ 14 ಸಾವಿರ ಸಾಲು ಇದೆ. ಇದನ್ನು ಬಿಡಿಸುವುದು ಹೇಗೆ?

---

ಹಳೇಟರ್ಮಿನಲ್ · ಶನಿವಾರ, ಸಂಜೆ 6:50

14 ಸಾವಿರ ಸಾಲು ಇದೆ ಅಂತ ಹೆದರಬೇಡಿ. ಪೂರ್ತಿ ಬಿಡಿಸಬೇಕಾಗಿಲ್ಲ.

ಫೋನಿಗೆ ಏನು ಬೇಕೋ ಅದಕ್ಕೆ ಸಂಬಂಧಿಸಿದ ಪ್ಯಾರಾಗ್ರಾಫುಗಳನ್ನು ಮಾತ್ರ ಗುರುತು ಮಾಡಿ. ಓದುವ ಕೆಲಸದಿಂದ ಶುರು ಮಾಡಿ, ಬರೆಯುವ ಕೆಲಸ ಆಮೇಲೆ. ಆ ಭಾಗವನ್ನು ಎತ್ತಿ ಬೇರೆ ಪ್ರೋಗ್ರಾಂ ಮಾಡಿ. ಅದರಲ್ಲಿ ಮ್ಯಾಪಿನ ಹೆಸರೇ ಇರಬಾರದು. ಒಳಗೆ ಬರುವುದು ಪಾಲಿಸಿ ನಂಬರ್, ಹೊರಗೆ ಹೋಗುವುದು ಉತ್ತರ. ಹಳೇ ಸ್ಕ್ರೀನ್ ಪ್ರೋಗ್ರಾಮೂ ಲಿಂಕ್ ಮಾಡಿ ಇದನ್ನೇ ಕರೆಯಬೇಕು. ಇಲ್ಲಿ ಜೋಪಾನವಾಗಿರಿ: ಎತ್ತಿದ ಭಾಗವನ್ನು ಹಳೆಯದರಲ್ಲೂ ಹಾಗೇ ಬಿಟ್ಟರೆ ರಿಯಾಯಿತಿ ಲೆಕ್ಕ ಎರಡು ಕಡೆ ಆಗುತ್ತದೆ. ಮುಂದಿನ ವರ್ಷ ಒಂದು ಕಡೆ ಬದಲಿಸುತ್ತಾರೆ, ಇನ್ನೊಂದು ಕಡೆ ಮರೆಯುತ್ತಾರೆ. ಫೋನಿನಲ್ಲಿ ಒಂದು ಮೊತ್ತ, ಟರ್ಮಿನಲ್‌ನಲ್ಲಿ ಇನ್ನೊಂದು ಮೊತ್ತ ಬರುತ್ತದೆ.

ಮಾಹಿತಿ ದಾಟಿಸಲು ಕಾಮ್‌ಏರಿಯಾ ಇದೆ, ಆದರೆ ಅದರ ಮಿತಿ 32 ಕೆಬಿ. ಪಾಲಿಸಿ ಇತಿಹಾಸ ಕಳಿಸಿದರೆ ಸಾಲುವುದಿಲ್ಲ. 2005ರಲ್ಲಿ ಬಂದ ಕಿಕ್ಸ್ ಟಿಎಸ್ 3.1 ಆವೃತ್ತಿಯಿಂದ ಆ ಮಿತಿ ಇಲ್ಲದ ಚಾನೆಲ್, ಕಂಟೇನರ್ ಇದೆ, ಅದನ್ನೇ ಬಳಸಿ. ಅದರ ಮೇಲೆ ಐಬಿಎಂನ ಜೆಡ್/ಓಎಸ್ ಕನೆಕ್ಟ್ ಕೂರಿಸಿದರೆ ಹೊರಗಿನಿಂದ ಬರುವ ಜೇಸನ್ (ವೆಬ್‌ನಲ್ಲಿ ಮಾಹಿತಿ ಕಳಿಸುವ ರೂಪ) ನಿಮ್ಮ ಕಾಪಿಬುಕ್ಕಿನ (ಕೋಬಾಲ್ ಫೀಲ್ಡುಗಳ ವಿವರಣೆ) ಆಕಾರಕ್ಕೆ ಬದಲಾಗಿ ಪ್ರೋಗ್ರಾಮಿಗೆ ಸಿಗುತ್ತದೆ. ಉತ್ತರ ಅದೇ ದಾರಿಯಲ್ಲಿ ವಾಪಸ್. ಕೋಬಾಲ್ ಪ್ರೋಗ್ರಾಮಿಗೆ ತನ್ನನ್ನು ಕರೆದಿದ್ದು ಫೋನು ಅಂತ ಗೊತ್ತೇ ಇರುವುದಿಲ್ಲ.

ಬಿಡಿಸಲು ಆಗದಷ್ಟು ಗಂಟು ಬಿದ್ದಿರುವ ಪ್ರೋಗ್ರಾಂ ಇದ್ದರೆ ಕಿಕ್ಸ್‌ನಲ್ಲೇ ಲಿಂಕ್3270 ಬ್ರಿಡ್ಜ್ ಅಂತ ಒಂದಿದೆ. ಟರ್ಮಿನಲ್ ಇಲ್ಲದೆಯೂ ಆ ಟ್ರಾನ್ಸಾಕ್ಷನ್ ಓಡುತ್ತದೆ. ಸ್ಕ್ರೀನಿನ ಜಾಗದ ಬದಲು ಮ್ಯಾಪಿನ ಫೀಲ್ಡುಗಳೇ ಸಿಗುತ್ತವೆ. ತಮ್ಮ ಜಯನಗರ ಹೇಳಿದ ಕಾಲಂ ತೊಂದರೆ ಅದರಲ್ಲಿ ಬರುವುದಿಲ್ಲ.

---

ಪ್ಯಾಕ್ಡ್‌ಡೆಸಿಮಲ್ · ಶನಿವಾರ, ರಾತ್ರಿ 8:15

ಜೇಸನ್ ಅಂದ ಕೂಡಲೇ ನನಗೆ ನೆನಪಾಗುವುದು ನಂಬರುಗಳು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹಾಗಾಗಿ ಹೇಳುತ್ತೇನೆ.

ನಿಮ್ಮ ಪ್ರೀಮಿಯಂ ಬಹುಶಃ ಕಾಂಪ್-3 ಫೀಲ್ಡು, ಅಂದರೆ ಅರ್ಧ ಬೈಟಿಗೆ ಒಂದು ಅಂಕಿ. ಪೂರ್ಣಾಂಕದ ಏಳು ಅಂಕಿ, ದಶಮಾಂಶದ ಎರಡು, ಒಟ್ಟು ಐದು ಬೈಟು. 1250.00 ಒಳಗೆ ಹೀಗೆ ಕೂತಿರುತ್ತದೆ: 00 01 25 00 0ಸಿ. ಕೊನೆಯ ಅರ್ಧ ಬೈಟಿನಲ್ಲಿ ಸಿ ಇದ್ದರೆ ಧನ ಸಂಖ್ಯೆ, ಡಿ ಇದ್ದರೆ ಋಣ ಸಂಖ್ಯೆ. ದಶಮಾಂಶ ಚುಕ್ಕಿ ಅಲ್ಲಿ ಇಲ್ಲವೇ ಇಲ್ಲ, ಅದು ಕಾಪಿಬುಕ್ಕಿನಲ್ಲಿ ಮಾತ್ರ ಇದೆ. ಕಾಪಿಬುಕ್ ತಪ್ಪಾದರೆ ದುಡ್ಡು ನೂರು ಪಟ್ಟು ಆಚೀಚೆ ಆಗುತ್ತದೆ.

ಪಾಲಿಸಿ ನಂಬರ್ 18 ಅಂಕಿ ಇದ್ದರೆ ಇನ್ನೂ ಜಾಗ್ರತೆ. ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ತಪ್ಪಿಲ್ಲದೆ ಇಟ್ಟುಕೊಳ್ಳುವ ಪೂರ್ಣ ಸಂಖ್ಯೆಗೆ ಮಿತಿ ಇದೆ, ಸುಮಾರು 16 ಅಂಕಿ. ಬ್ರೌಸರ್‌ನಲ್ಲಿ 123456789012345678 ಅಂತ ನಂಬರಾಗಿ ಕೊಟ್ಟು ನೋಡಿ. 123456789012345680 ಅಂತ ವಾಪಸ್ ಬರುತ್ತದೆ. ಯಾವ ಎರರೂ ಇಲ್ಲ! ಇನ್ನೊಬ್ಬರ ಪಾಲಿಸಿ ತೆರೆದರೂ ಆಶ್ಚರ್ಯವಿಲ್ಲ. ಮುಂದಿನ ಸೊನ್ನೆಗಳೂ ನಂಬರಿನಲ್ಲಿ ಉಳಿಯುವುದಿಲ್ಲ. ಪಾಲಿಸಿ ನಂಬರ್, ಅಕೌಂಟ್ ನಂಬರ್, ಪಿನ್‌ಕೋಡ್, ದುಡ್ಡು, ಎಲ್ಲವನ್ನೂ ಅಕ್ಷರದ ಸಾಲಾಗಿ ಕಳಿಸಿ.

ಇನ್ನೊಂದು ಚಿಕ್ಕ ವಿಷಯ. ಮೇನ್‌ಫ್ರೇಮಿನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಅಕ್ಷರ ಮೊದಲು, ಅಂಕಿ ಆಮೇಲೆ. ಫೋನಿನ ಕಡೆ ಅಂಕಿ ಮೊದಲು. ಒಂದೇ ಪಟ್ಟಿ ಎರಡು ಕಡೆ ಬೇರೆ ಬೇರೆ ಕ್ರಮದಲ್ಲಿ ಬರುತ್ತದೆ. "ನನ್ನ ಪಾಲಿಸಿ ಪಟ್ಟಿಯಲ್ಲಿ ಇಲ್ಲ" ಅಂತ ಬಂದ ಎಷ್ಟೋ ದೂರುಗಳಿಗೆ ಕಾರಣ ಅದೇ ಆಗಿತ್ತು. ಪಾಲಿಸಿ ಇತ್ತು, ಅವರು ಹುಡುಕಿದ ಜಾಗದಲ್ಲಿ ಇರಲಿಲ್ಲ.

---

ರ‍್ಯಾಕ್ಫ್‌ಕಾವಲು · ಭಾನುವಾರ, ಬೆಳಿಗ್ಗೆ 9:30

ಸೆಕ್ಯುರಿಟಿ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ. ಸ್ವಲ್ಪ ಕೇಳಿ.

ಟೆಲ್‌ನೆಟ್ 23ನೇ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆಯುವ ಮಾತು ಬಂದರೆ ಅಲ್ಲೇ ಬೇಡ ಅನ್ನಿ. ಅದರಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುತ್ತದೆ. ಟಿಎಲ್‌ಎಸ್ (ಗೂಢಲಿಪೀಕರಣ) ಹಾಕಿದರೂ ಇನ್ನೊಂದು ವಿಷಯ ಉಳಿಯುತ್ತದೆ. ರ‍್ಯಾಕ್ಫ್ (ಮೇನ್‌ಫ್ರೇಮಿನ ಭದ್ರತಾ ವ್ಯವಸ್ಥೆ) ಪಾಸ್‌ವರ್ಡಿನ ಉದ್ದ ಹೆಚ್ಚೆಂದರೆ 8 ಅಕ್ಷರ. ಆಫೀಸಿನ ಒಳಗಿನ ಟರ್ಮಿನಲ್‌ಗೆ ಅಂತ ಮಾಡಿದ ನಿಯಮ ಅದು. ಪಾಸ್‌ಫ್ರೇಸ್ ಹಾಕಿದರೆ 100 ಅಕ್ಷರದವರೆಗೆ ಹೋಗಬಹುದು, ಆದರೆ ಫೋನಿನಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಯಾರು ಟೈಪ್ ಮಾಡುತ್ತಾರೆ?

ಲಾಗಿನ್ ಹೊರಗಿನ ಪದರದಲ್ಲೇ ಆಗಲಿ, ಎರಡನೇ ಪರೀಕ್ಷೆಯ ಜೊತೆಗೆ. ಅಲ್ಲಿಂದ ಒಳಗೆ ಬರುವಾಗ ಪಾಸ್‌ವರ್ಡಿನ ಬದಲು ಟೋಕನ್ ಅಥವಾ ಪಾಸ್‌ಟಿಕೆಟ್. ಪಾಸ್‌ಟಿಕೆಟ್ ಸುಮಾರು 10 ನಿಮಿಷ ಮಾತ್ರ ಬದುಕಿರುತ್ತದೆ, ಕದ್ದರೂ ಹೆಚ್ಚು ಉಪಯೋಗವಿಲ್ಲ.

ದಯವಿಟ್ಟು ಎಲ್ಲರ ಕೆಲಸವನ್ನೂ ಒಂದೇ ಯೂಸರ್ ಐಡಿಯಲ್ಲಿ ಒಳಗೆ ಬಿಡಬೇಡಿ. ಸುಲಭ ಅಂತ ಎಲ್ಲರೂ ಅದನ್ನೇ ಮಾಡುತ್ತಾರೆ. ಆಮೇಲೆ ಯಾರು ಯಾರ ಪಾಲಿಸಿ ನೋಡಿದರು ಅಂತ ಕೇಳಿದಾಗ ಲಾಗ್‌ನಲ್ಲಿ ಒಂದೇ ಹೆಸರು ಸಾವಿರ ಸಲ ಇರುತ್ತದೆ. ನಿಜವಾದ ಮನುಷ್ಯನ ಗುರುತು ಕೊನೆಯ ತನಕ ಹೋಗಬೇಕು.

ನಾನೇ ನೋಡಿದ ಒಂದು ತೊಂದರೆ ಹೇಳುತ್ತೇನೆ. ಒಬ್ಬರು ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಿದರು. ಜೇಬಿನಲ್ಲಿದ್ದ ಫೋನಿನ ಆ್ಯಪ್‌ನಲ್ಲಿ ಹಳೆಯದೇ ಇತ್ತು. ಅದು ಹಿನ್ನೆಲೆಯಲ್ಲಿ ಸುಮ್ಮನಿರದೆ ಮತ್ತೆ ಮತ್ತೆ ಪ್ರಯತ್ನ ಮಾಡಿತು. ಬೆಳಿಗ್ಗೆ ಆಫೀಸಿಗೆ ಬಂದರೆ ಐಡಿ ರಿವೋಕ್ (ಬಂದ್) ಆಗಿತ್ತು. ಸರಿಮಾಡಿಸಿಕೊಂಡರು, ಮಧ್ಯಾಹ್ನಕ್ಕೆ ಮತ್ತೆ ರಿವೋಕ್. ಮೂರು ದಿನ ಹೀಗೇ ನಡೆಯಿತು. ಆ್ಯಪ್ ಒಂದು ಸಲ ಸೋತರೆ ನಿಲ್ಲಬೇಕು, ಮನುಷ್ಯನನ್ನು ಕೇಳಬೇಕು.

---

ನೈಟ್‌ಶಿಫ್ಟ್‌ಗೆಳೆಯ · ಭಾನುವಾರ, ಮಧ್ಯಾಹ್ನ 1:10

ಎಲ್ಲರೂ ಟರ್ಮಿನಲ್ ಬೇಡ ಅನ್ನುತ್ತಿದ್ದೀರಿ. ನಾನು ಒಪ್ಪುವುದಿಲ್ಲ.

ನಾನು ಬ್ಯಾಚ್ ಸಪೋರ್ಟ್, ತಾವಾಗೇ ಓಡುವ ಜಾಬ್‌ಗಳನ್ನು ನೋಡಿಕೊಳ್ಳುವವನು. ಹೋದ ಮೇ ತಿಂಗಳಲ್ಲಿ ಅಕ್ಕನ ಮಗಳ ಮದುವೆಗೆ ತೀರ್ಥಹಳ್ಳಿಗೆ ಹೋಗುವಾಗ ಬಸ್ಸಿನಲ್ಲಿ ಕರೆ ಬಂತು. ರಾತ್ರಿಯ ಜಾಬ್ ಸಾಕ್-ಸೆವೆನ್ ಎರರ್ ಆಗಿ ಬಿದ್ದಿತ್ತು, ನಂಬರ್ ಇರಬೇಕಾದ ಕಡೆ ಕಸ ಬಂದಿತ್ತು. ಲ್ಯಾಪ್‌ಟಾಪ್ ಸೂಟ್‌ಕೇಸಿನೊಳಗೆ, ಸೂಟ್‌ಕೇಸು ಬಸ್ಸಿನ ಡಿಕ್ಕಿಯಲ್ಲಿ. ಫೋನಿನಲ್ಲಿ ಟರ್ಮಿನಲ್ ಇದ್ದದ್ದಕ್ಕೆ ಎಸ್‌ಡಿಎಸ್‌ಎಫ್‌ಗೆ (ಜಾಬ್‌ಗಳ ಫಲಿತಾಂಶ ತೋರಿಸುವ ಸ್ಕ್ರೀನ್) ಹೋಗಿ ಲಾಗ್ ನೋಡಿದೆ, ಯಾವ ರೆಕಾರ್ಡ್ ಅಂತ ಹೇಳಿದೆ, ಅಲ್ಲಿದ್ದವರು ಅದನ್ನು ತೆಗೆದು ಮತ್ತೆ ಓಡಿಸಿದರು. ಕಣ್ಣು ನೋವು ಬಂತು, ನಿಜ. ಸಿಗ್ನಲ್ ಎರಡು ಸಲ ಹೋಗಿ ಎರಡು ಸಲ ಲಾಗಾನ್ ಆದೆ. ಆದರೆ ಕೆಲಸ ಆಯಿತು.

ಏನು ಹುಡುಕಬೇಕು ಅಂತ ಮೊದಲೇ ಗೊತ್ತಿಲ್ಲದಾಗ ಪೂರ್ತಿ ಟರ್ಮಿನಲ್ ಬೇಕು. ನೀವು ಮಾಡುವ ಮೂರು ಗುಂಡಿಯ ಪುಟದಲ್ಲಿ ನನಗೆ ಬೇಕಾದ ನಾಲ್ಕನೆಯದು ಇರುವುದಿಲ್ಲ.

---

ಹಳೇಟರ್ಮಿನಲ್ · ಭಾನುವಾರ, ಮಧ್ಯಾಹ್ನ 3:30

ನಿಮ್ಮ ಮಾತು ಸರಿ. ನಾನು ಏಜೆಂಟರನ್ನು ಮನಸ್ಸಿನಲ್ಲಿಟ್ಟು ಹೇಳಿದೆ. ನೀವು ಮೇನ್‌ಫ್ರೇಮ್ ಒಳಗಿನ ಮನುಷ್ಯ, ನಿಮಗೆ ಟರ್ಮಿನಲ್ ಅಂದರೆ ಟೂಲ್‌ಬಾಕ್ಸ್. ಅದನ್ನು ಕಿತ್ತುಕೊಳ್ಳಬಾರದು.

ಆದರೂ ಒಂದು ಕೆಲಸ ಮಾಡಿ ನೋಡಿ. ಜೆಡ್/ಓಎಸ್‌ಎಂಎಫ್‌ನಲ್ಲಿ (ಮೇನ್‌ಫ್ರೇಮ್ ನಿರ್ವಹಣೆಯ ವೆಬ್ ಸಾಫ್ಟ್‌ವೇರ್) ಜಾಬ್‌ಗಳಿಗೆ ರೆಸ್ಟ್ ಅನ್ನುವ ವೆಬ್ ಸೇವೆ ಇದೆ. ಜಾಬ್ ಪಟ್ಟಿ, ರಿಟರ್ನ್ ಕೋಡ್, ಸ್ಪೂಲ್ ಫೈಲ್ (ಜಾಬಿನ ಔಟ್‌ಪುಟ್), ಎಲ್ಲ ಬ್ರೌಸರ್‌ನಿಂದಲೇ ಕೇಳಬಹುದು. 2018ರಲ್ಲಿ ಶುರುವಾದ ಜೋವಿ ಅನ್ನುವ ಮುಕ್ತ ಮೇನ್‌ಫ್ರೇಮ್ ಯೋಜನೆಯ ಸಲಕರಣೆಗಳು ಬಳಸುವುದೂ ಅದನ್ನೇ. ಬಿದ್ದ ಜಾಬಿನ ಹೆಸರು, ಅಬೆಂಡ್ ಕೋಡ್ (ಬಿದ್ದ ಕಾರಣದ ಸಂಕೇತ), ಲಾಗಿನ ಕೊನೆಯ 30 ಸಾಲು, ಅಷ್ಟು ತೋರಿಸುವ ಒಂದು ಪುಟ ಮಾಡಿಕೊಂಡರೆ ಅರ್ಧ ಕರೆಗಳಿಗೆ ಟರ್ಮಿನಲ್ ತೆರೆಯುವ ಅಗತ್ಯ ಬರುವುದಿಲ್ಲ. ಸಿಗ್ನಲ್ ಹೋದರೂ ಓದಿದ್ದು ಕಣ್ಣ ಮುಂದೆ ಉಳಿಯುತ್ತದೆ.

---

ನೈಟ್‌ಶಿಫ್ಟ್‌ಗೆಳೆಯ · ಭಾನುವಾರ, ಸಂಜೆ 4:02

ಕೊನೆಯ 30 ಸಾಲು ಸಾಕಾಗುವುದಿಲ್ಲ ಸರ್, 100 ಬೇಕು. ಉಳಿದಿದ್ದು ಒಪ್ಪಿದೆ. ಮಾಡಿ ನೋಡುತ್ತೇನೆ.

---

ಧಾರವಾಡಪೇಡೆ · ಭಾನುವಾರ, ಸಂಜೆ 5:20

ನಾನು ಇಂಜಿನಿಯರಿಂಗ್ ಕೊನೇ ವರ್ಷ. ಒಂದು ಡೌಟು. ಐಆರ್‌ಸಿಟಿಸಿ ಕೂಡ ಇದೇ ಥರ ಅಲ್ವಾ? ಹಿಂದೆ ಮೇನ್‌ಫ್ರೇಮ್, ಮುಂದೆ ವೆಬ್? ಮತ್ತೆ ಇದನ್ನೆಲ್ಲ ಮನೆಯಲ್ಲೇ ಕಲಿಯಲು ದಾರಿ ಇದೆಯಾ?

---

ಪ್ಯಾಕ್ಡ್‌ಡೆಸಿಮಲ್ · ಭಾನುವಾರ, ಸಂಜೆ 6:00

ತಮ್ಮಾ, ರೈಲ್ವೆ ರಿಸರ್ವೇಷನ್ ಐಬಿಎಂ ಮೇನ್‌ಫ್ರೇಮ್ ಅಲ್ಲ. ರೈಲ್ವೆಯ ಸಾಫ್ಟ್‌ವೇರ್ ಸಂಸ್ಥೆ ಕ್ರಿಸ್ ನಡೆಸುವ ಕಾನ್ಸರ್ಟ್ ಅನ್ನುವ ಆ ವ್ಯವಸ್ಥೆ ಬೆಳೆದದ್ದು ಓಪನ್‌ವಿಎಂಎಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಂ ಇರುವ ಯಂತ್ರಗಳ ಮೇಲೆ. 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ಶುರುವಾಯಿತು. ಆದರೆ ನಿನ್ನ ಪ್ರಶ್ನೆಯ ಹಿಂದಿನ ಯೋಚನೆ ಸರಿ. ಕೌಂಟರಿನಲ್ಲಿ ಕ್ಲರ್ಕ್ ನೋಡುವ ಸ್ಕ್ರೀನನ್ನು ಯಾರೂ ನಮ್ಮ ಫೋನಿಗೆ ತರಲಿಲ್ಲ. 2002ರ ಆಗಸ್ಟಿನಲ್ಲಿ ಐಆರ್‌ಸಿಟಿಸಿ ಆನ್‌ಲೈನ್ ಟಿಕೆಟ್ ಶುರುಮಾಡಿದಾಗ ಮುಂದೆ ಒಂದು ಹೊಸ ಪದರ ಬಂತು. ಸೀಟಿನ ಲೆಕ್ಕ ಮಾತ್ರ ಹಿಂದಿನ ವ್ಯವಸ್ಥೆಯಲ್ಲೇ ಉಳಿಯಿತು. ಕೌಂಟರಿನಲ್ಲಿ ತಗೊಂಡರೂ, ಫೋನಿನಲ್ಲಿ ತಗೊಂಡರೂ ಒಂದೇ ಬರ್ತ್ ಇಬ್ಬರಿಗೆ ಹೋಗುವುದಿಲ್ಲವಲ್ಲ, ಅದು ಇದರಿಂದಲೇ.

ಕಲಿಯಲು ಐಬಿಎಂ ಜೆಡ್ ಎಕ್ಸ್‌ಪ್ಲೋರ್ ಇದೆ, ನಿಜವಾದ ಯಂತ್ರದ ಮೇಲೆ ಉಚಿತವಾಗಿ ಅಭ್ಯಾಸ ಮಾಡಬಹುದು. ಮನೆಯಲ್ಲೇ ಬೇಕು ಅಂದರೆ ಹರ್ಕ್ಯುಲಿಸ್ ಅನ್ನುವ ಮೇನ್‌ಫ್ರೇಮ್ ಎಮ್ಯುಲೇಟರ್ ಹಾಕಿ ಎಂವಿಎಸ್ 3.8 (ಹಳೇ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಂ) ಓಡಿಸು. ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಅದಕ್ಕೆ ಎಕ್ಸ್3270 ಅನ್ನುವ ಟರ್ಮಿನಲ್ ಎಮ್ಯುಲೇಟರಿನಿಂದ ಸೇರಿಕೊ. ಆಮೇಲೆ ನೀನೇ ಒಂದು ಚಿಕ್ಕ ವೆಬ್ ಪುಟ ಬರೆದು ನೋಡು. ಒಂದು ವಾರದಲ್ಲಿ ಇಲ್ಲಿ ನಡೆದ ಅರ್ಧ ಮಾತು ಕೈಗೆ ಹತ್ತುತ್ತದೆ.

---

ಎಂಎಸ್‌ಯುಲೆಕ್ಕ · ಭಾನುವಾರ, ರಾತ್ರಿ 9:45

ಖರ್ಚಿನ ಬಗ್ಗೆ ನಾಲ್ಕು ಮಾತು. ನಾನು ಕೆಪಾಸಿಟಿ ನೋಡಿಕೊಳ್ಳುವವನು.

ಏಜೆಂಟರ ಟರ್ಮಿನಲ್ ಆಫೀಸ್ ಹೊತ್ತಿನಲ್ಲಿ ಓಡುತ್ತದೆ. ಫೋನ್ ಕೈಗೆ ಬಂದರೆ ಬೆಳಿಗ್ಗೆ ಏಳಕ್ಕೆ, ರಾತ್ರಿ ಹನ್ನೊಂದಕ್ಕೆ, ಲಿಫ್ಟಿನಲ್ಲಿ ನಿಂತಾಗ, ಸುಮ್ನೆ ಒಮ್ಮೆ ತೆರೆದು ನೋಡುತ್ತಾರೆ. ಓದುವ ಟ್ರಾನ್ಸಾಕ್ಷನ್ ಒಂದೇ ಸಮನೆ ಏರುತ್ತದೆ. ತಿಂಗಳ ಸಾಫ್ಟ್‌ವೇರ್ ಬಿಲ್ ಮೇನ್‌ಫ್ರೇಮ್ ಬಳಕೆಯ ನಾಲ್ಕು ಗಂಟೆಗಳ ಸರಾಸರಿಯ ಅತಿ ಎತ್ತರದ ಬಿಂದುವಿನ ಮೇಲೆ ನಿಂತಿದ್ದರೆ ಇದು ಕೈ ಕಚ್ಚುತ್ತದೆ. ಇದೇ ಕಾರಣಕ್ಕೆ 2014ರಲ್ಲಿ ಐಬಿಎಂ ಮೊಬೈಲ್ ಕೆಲಸಕ್ಕೆ ಅಂತಲೇ ಬೇರೆ ದರ ತಂದಿತು. ಫೋನಿನಿಂದ ಬಂದ ಟ್ರಾನ್ಸಾಕ್ಷನ್‌ಗಳ ಬಳಕೆಯಲ್ಲಿ 60 ಶೇಕಡಾ ಬಿಟ್ಟು ಲೆಕ್ಕ ಹಾಕುವುದು. ಆದರೆ ಯಾವುದು ಫೋನಿನಿಂದ ಬಂತು ಅಂತ ನಾವೇ ತೋರಿಸಿಕೊಡಬೇಕು. ಹಾಗಾಗಿ ಮೊದಲ ದಿನದಿಂದಲೇ ಫೋನಿಗೆ ಬೇರೆ ಟ್ರಾನ್ಸಾಕ್ಷನ್ ಹೆಸರು ಇಡಿ. ನಿಮ್ಮ ಕ್ಲೈಂಟಿನ ಒಪ್ಪಂದ ಯಾವುದು ಅಂತ ಕೇಳಿಕೊಳ್ಳಿ. ದರ ಯಾವುದೇ ಇರಲಿ, ಹೆಸರು ಬೇರೆ ಇದ್ದರೆ ಎಷ್ಟು ಏರಿತು ಅಂತ ಕಣ್ಣಿಗೆ ಕಾಣುತ್ತದೆ. ಜೆಡ್/ಓಎಸ್ ಕನೆಕ್ಟ್ ಜಾವಾದ್ದು, ಅದರ ಹೆಚ್ಚಿನ ಕೆಲಸ ಈ ಬಿಲ್ಲಿಗೆ ಸೇರದ ಜಿಪ್ ಪ್ರೊಸೆಸರಿಗೆ ಹೋಗುತ್ತದೆ, ಅದು ಒಳ್ಳೆಯದು.

ದುಡ್ಡು ಕಟ್ಟುವ ಕೆಲಸ ಮುಂದೆ ಬಂದರೆ ಇದು ನೆನಪಿರಲಿ. ಗ್ರಾಹಕರು ಪಾವತಿ ಒತ್ತಿದರು, ಮೇನ್‌ಫ್ರೇಮ್‌ನಲ್ಲಿ ಅದು ಆಯಿತು, ಉತ್ತರ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಫೋನು ತಿರುಗಿ ಕಳಿಸಿದರೆ ಎರಡು ಸಲ ದುಡ್ಡು ಹೋಗುತ್ತದೆ. ಒಂದೊಂದು ಪ್ರಯತ್ನಕ್ಕೂ ಫೋನು ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಕೋಬಾಲ್ ಕಡೆ ಹೊಸದಾಗಿ ಬರೆಯದೆ ಹಳೇ ಉತ್ತರವನ್ನೇ ಕೊಡಬೇಕು. ಟರ್ಮಿನಲ್ ಕಾಲದಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಎಂಟರ್ ಒತ್ತಿದ ಮೇಲೆ ಉತ್ತರ ಬರುವವರೆಗೆ ಕೀಬೋರ್ಡೇ ಲಾಕ್ ಆಗಿರುತ್ತಿತ್ತು.

---

ಓಹಾಯೋಕನ್ನಡಿಗ · ಸೋಮವಾರ, ಬೆಳಿಗ್ಗೆ 7:15

ನಾನು ಪ್ರೋಗ್ರಾಮರ್ ಅಲ್ಲ. ಮೂಲ ಊರು ಚನ್ನರಾಯಪಟ್ಟಣ. ಇಲ್ಲಿ ಕ್ಲೇಮ್ ಅಡ್ಜಸ್ಟರ್ ಆಗಿ ಒಂಬತ್ತು ವರ್ಷ ಆಯಿತು. ನೀವು ಮಾತಾಡುತ್ತಿರುವ ಹಸಿರು ಸ್ಕ್ರೀನ್ ಬಳಸುವವರಲ್ಲಿ ನಾನೂ ಒಬ್ಬ, ಅದಕ್ಕೇ ಬರೆಯುತ್ತಿದ್ದೇನೆ.

ಆಫೀಸಿನಲ್ಲಿ ಆ ಸ್ಕ್ರೀನ್ ನನಗೆ ತುಂಬಾ ಇಷ್ಟ. ಕೈಗೆ ಅಭ್ಯಾಸ ಆಗಿದೆ, ಮೌಸ್ ಬೇಡ, ಕಣ್ಣು ಮುಚ್ಚಿದರೂ ಬೆರಳು ಹೋಗುತ್ತದೆ. ಅದನ್ನು ದಯವಿಟ್ಟು ತೆಗೆಯಬೇಡಿ.

ಫೋನು ಬೇಕಾಗುವುದು ಹೊರಗೆ. ವಸಂತದಲ್ಲಿ ಆಲಿಕಲ್ಲು ಮಳೆ ಬಂದ ಮಾರನೇ ದಿನ ಒಂದು ಬೀದಿಯಲ್ಲಿ ಹತ್ತು ಹನ್ನೆರಡು ಮನೆ ನೋಡುತ್ತೇನೆ. ಒಂದು ಕೈಯಲ್ಲಿ ಏಣಿ, ಛಾವಣಿಯ ಶಿಂಗಲ್ ಮೇಲೆ ಸೀಮೆಸುಣ್ಣದಲ್ಲಿ ಪೆಟ್ಟಿನ ಗುರುತು ಹಾಕುತ್ತಾ ಹೋಗುತ್ತೇನೆ. ಕೆಳಗೆ ಇಳಿದಾಗ ಮನೆಯವರು ನಿಂತಿರುತ್ತಾರೆ. ಅವರು ಕೇಳುವುದು ಒಂದೇ: "ನಾವು ಕೈಯಿಂದ ಎಷ್ಟು ಹಾಕಬೇಕು?" ಅದೇ ಡಿಡಕ್ಟಿಬಲ್. ಗಾಳಿ ಮತ್ತು ಆಲಿಕಲ್ಲಿಗೆ ಅದು ಎಷ್ಟೋ ಪಾಲಿಸಿಗಳಲ್ಲಿ ಬೇರೆ ಇರುತ್ತದೆ, ಮನೆಯ ವಿಮಾ ಮೊತ್ತದ ಶೇಕಡಾ ಲೆಕ್ಕದಲ್ಲಿ. ನಮ್ಮ ಸ್ಕ್ರೀನಿನಲ್ಲಿ ಅದು ಮೂರನೇ ಪುಟದ ಕೆಳಗಿದೆ. ನಾನು ಆಫೀಸಿಗೆ ಕರೆ ಮಾಡುತ್ತೇನೆ, ಸಾಲಿನಲ್ಲಿ ಕಾಯುತ್ತೇನೆ. ಮನೆಯವರು ನನ್ನ ಮುಖ ನೋಡುತ್ತಾ ನಿಂತಿರುತ್ತಾರೆ. ಅವರ ಮನೆಯ ಛಾವಣಿಗೆ ತೂತು ಬಿದ್ದಿದೆ, ಮತ್ತೆ ಮೋಡ ಕಟ್ಟುತ್ತಿದೆ. ಆ ಹತ್ತು ನಿಮಿಷ ತುಂಬಾ ಉದ್ದ.

ನನಗೆ ಬೇಕಾದ್ದು ಮೂರು. ಪಾಲಿಸಿ ಚಾಲ್ತಿಯಲ್ಲಿ ಇದೆಯಾ. ಆಲಿಕಲ್ಲಿಗೆ ಡಿಡಕ್ಟಿಬಲ್ ಎಷ್ಟು, ಶೇಕಡಾ ಅಲ್ಲ, ಡಾಲರಿನಲ್ಲಿ. ಇದೇ ಛಾವಣಿಗೆ ಹಿಂದೆ ಕ್ಲೇಮ್ ಆಗಿದೆಯಾ. ಬಿಸಿಲಿನಲ್ಲಿ ಕಾಣುವ ಹಾಗೆ ದೊಡ್ಡ ಅಕ್ಷರದಲ್ಲಿ ಇರಲಿ.

---

ಕೋಬಾಲ್‌ಕನ್ನಡತಿ · ಸೋಮವಾರ, ರಾತ್ರಿ 10:20

ಓಹಾಯೋ ಸರ್, ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ನಾನು ಮಾಡಿಟ್ಟುಕೊಂಡಿದ್ದ ಪಟ್ಟಿಯಲ್ಲಿ 26 ಫೀಲ್ಡ್ ಇತ್ತು. ಡಿಡಕ್ಟಿಬಲ್ 19ನೆಯದು. ಶೇಕಡಾ ಅಂತಲೇ ಬರೆದಿದ್ದೆ.

ಇವತ್ತು ಕ್ಲೈಂಟ್ ಜೊತೆ ಮಾತಾಡಿದೆ. ಹೊರಗೆ ಹೋಗುವ ಒಬ್ಬ ಅಡ್ಜಸ್ಟರ್ ಜೊತೆ ಅರ್ಧ ಗಂಟೆ ಮಾತಾಡಲು ಬಿಡಿ ಅಂತ ಕೇಳಿಕೊಂಡೆ, ಒಪ್ಪಿದರು. ಸ್ಕ್ರೀನ್ ಹಾಗೇ ತರುವುದಿಲ್ಲ, ಮೊದಲ ಎರಡು ತಿಂಗಳಲ್ಲಿ ಬರೀ ಓದುವ ಒಂದು ಪುಟ, ಮೂರು ಉತ್ತರ, ಅಷ್ಟೇ ಅಂತಲೂ ಹೇಳಿದೆ. ಮ್ಯಾನೇಜರ್ ಮೊದಲು ಮುಖ ಗಂಟು ಹಾಕಿದರು. ನಾನು ಫೋನಿನಲ್ಲಿ ಎಮ್ಯುಲೇಟರ್ ತೆರೆದು "ಇಲ್ಲಿ ಡಿಡಕ್ಟಿಬಲ್ ಹುಡುಕಿ ಕೊಡಿ" ಅಂತ ಅವರ ಕೈಗೇ ಕೊಟ್ಟೆ. ನಾಲ್ಕು ನಿಮಿಷ ಆದರೂ ಸಿಗಲಿಲ್ಲ. ಫೋನ್ ವಾಪಸ್ ಕೊಟ್ಟು "ಸರಿ, ಶುರು ಮಾಡಿ" ಅಂದರು.

ಡಿಡಕ್ಟಿಬಲ್ ಲೆಕ್ಕ ಮಾಡುವ ಪ್ಯಾರಾಗ್ರಾಫ್ ಸಿಕ್ಕಿದೆ, 340 ಸಾಲು. ಸ್ಕ್ರೀನ್ ಜೊತೆ ಎರಡೇ ಕಡೆ ಅಂಟಿಕೊಂಡಿದೆ. ಬಿಡಿಸಬಹುದು ಅನ್ನಿಸುತ್ತಿದೆ.

---

ಹಳೇಟರ್ಮಿನಲ್ · ಸೋಮವಾರ, ರಾತ್ರಿ 10:41

ತುಂಬಾ ಸಂತೋಷ ಆಯಿತಮ್ಮ. ಜೇಸನ್‌ಗೆ ಕಟ್ಟುವ ಮುಂಚೆ ಕಾಪಿಬುಕ್ಕಿನಲ್ಲಿ ರೀಡಿಫೈನ್ಸ್ ಇದೆಯಾ ನೋಡಿ. ಅದೇ ಬೈಟುಗಳನ್ನು ಒಂದು ಪಾಲಿಸಿಗೆ ಶೇಕಡಾ ಅಂತ, ಇನ್ನೊಂದಕ್ಕೆ ಡಾಲರ್ ಅಂತ ಓದುವ ಅಭ್ಯಾಸ ಆ ಕಾಲದಲ್ಲಿ ಇತ್ತು. ಯಾವಾಗ ಯಾವುದು ಅಂತ ಪ್ರೋಗ್ರಾಮಿಗೆ ಗೊತ್ತು, ಜೇಸನ್‌ಗೆ ಗೊತ್ತಿರುವುದಿಲ್ಲ.

---

ಕೋಬಾಲ್‌ಕನ್ನಡತಿ · ಸೋಮವಾರ, ರಾತ್ರಿ 11:18

ಇದೆ ಸರ್. ಮೂರು ಕಡೆ. ಅದರಲ್ಲಿ ಒಂದು ಡಿಡಕ್ಟಿಬಲ್ ಮೇಲೇ.

---

ಹಳೇಟರ್ಮಿನಲ್ · ಸೋಮವಾರ, ರಾತ್ರಿ 11:25

ನಾಳೆ ಸಂಜೆ ಆರರ ಮೇಲೆ ನಾನು ಬಿಡುವಾಗಿದ್ದೇನೆ. ಫೀಲ್ಡುಗಳ ಹೆಸರು ಬದಲಿಸಿ, ಬರೀ ಆಕಾರ ಇಲ್ಲಿ ಹಾಕಿ. ಎಲ್ಲರೂ ಕೂತು ನೋಡೋಣ.